ಸ್ವಿಚ್ಚು ಹಾಕಿಟ್ಟು ಬಂದವಳು

ಕರೆಂಟು ಹೋದದ್ದು ಸೋಮವಾರ, ಎರಡನೇ ಪೀರಿಯಡ್ಡಿನಲ್ಲಿ. ಹತ್ತನೇ ತರಗತಿಗೆ ಮಸೂರಗಳ ಪಾಠ ಮಾಡುತ್ತಿದ್ದೆ. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಮಕ್ಕಳೆಲ್ಲ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ನಾನು ಬೋರ್ಡಿನ ಕಡೆ ತಿರುಗಿ ಗೆರೆ ಎಳೆಯುತ್ತಲೇ ಇದ್ದೆ. ಕರೆಂಟು ಹೋದರೆ ಪಾಠ ನಿಲ್ಲಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ. ನಾನು ಓದಿದ ದೇವಲಾಪುರದ ಕಡೆಯ ಹೈಸ್ಕೂಲಿನಲ್ಲಿ ಫ್ಯಾನು ಇದ್ದದ್ದು ಹೆಡ್‌ಮಾಸ್ಟರ ರೂಮಿನಲ್ಲಿ ಮಾತ್ರ. ಅದು ತಿರುಗಿದ್ದನ್ನು ನಾನು ಕಂಡವಳಲ್ಲ.

"ಮಿಸ್, ಕರೆಂಟ್ ಹೋಯ್ತು," ಅಂದಳು ಮುಂದಿನ ಬೆಂಚಿನ ಹುಡುಗಿ, ಕಣ್ಣು ಕಾಣದವರಿಗೆ ಹೇಳುವ ಹಾಗೆ.

"ನನ್ನ ದನಿ ಹೋಗಿಲ್ವಲ್ಲ. ಬರ್ಕೊಳ್ಳಿ," ಅಂದೆ.

ಯಾರೂ ನಗಲಿಲ್ಲ. ಆ ಊರಿನಲ್ಲಿ ನನ್ನ ತಮಾಷೆಗೆ ಯಾರೂ ನಗುತ್ತಿರಲಿಲ್ಲ. ನನ್ನ ಇಂಗ್ಲಿಷೇ ಅವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಅದು ಮಾಲ್ಡೀವ್ಸಿನ ಒಂದು ಚಿಕ್ಕ ದ್ವೀಪ. ಈ ತುದಿಯಿಂದ ಆ ತುದಿಗೆ ನಡೆದರೆ ಕಾಲು ಗಂಟೆ. ಹೊರಗಿನವರಿಗೆ ಮಾಲ್ಡೀವ್ಸ್ ಅಂದರೆ ಮಧುಚಂದ್ರದ ಫೋಟೋ. ನಾನಿದ್ದ ದ್ವೀಪದಲ್ಲಿ ಹೋಟೆಲೂ ಇಲ್ಲ, ಪ್ರವಾಸಿಗಳೂ ಇಲ್ಲ. ಮೀನು ಹಿಡಿಯುವವರು, ಒಂದು ಮಸೀದಿ, ಒಂದು ಶಾಲೆ, ಒಂದು ಪವರ್‌ಹೌಸು. ಕರೆಂಟು ಎಲ್ಲಿಂದಲೋ ತಂತಿಯಲ್ಲಿ ಬರುವುದಲ್ಲ. ಅಲ್ಲೇ ಡೀಸೆಲ್ ಎಂಜಿನ್ನಿನಲ್ಲಿ ತಯಾರಾಗುತ್ತಿತ್ತು. ಆ ಎಂಜಿನ್ನಿನ ಗುಂಯ್‌ ಸದ್ದು ಹಗಲೂ ರಾತ್ರಿ ಕೇಳಿಸಿ ಕೇಳಿಸಿ ನನಗೆ ಅದು ಕೇಳಿಸುವುದೇ ನಿಂತಿತ್ತು. ಆ ಸೋಮವಾರ ಅದು ನಿಂತಾಗ ಕಿವಿಯೊಳಗಿಂದ ಹತ್ತಿ ತೆಗೆದ ಹಾಗಾಯಿತು. ಮೊದಲ ಸಲ ನನ್ನ ರೂಮಿನಲ್ಲೇ ಕೂತು ಸಮುದ್ರದ ಸದ್ದು ಕೇಳಿದೆ. ಕೇಳಿ ಖುಷಿಯೇನೂ ಆಗಲಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಕೈ ತೊಳೆದು, ನಾಗಮಂಗಲದ ಬಸ್ಸು ಹಿಡಿದು ಕಾಲೇಜಿಗೆ ಹೋದವಳು ನಾನು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ವಾರವಾರ ಊರಿಗೆ ಬಂದುಹೋಗುತ್ತಿದ್ದೆ. ಸೀಟು ಸಿಗುತ್ತಿದ್ದದ್ದು ಶ್ರೀರಂಗಪಟ್ಟಣ ದಾಟಿ ಪಾಂಡವಪುರದಲ್ಲಿ ಜನ ಇಳಿದ ಮೇಲೆ. ಅಲ್ಲಿವರೆಗೂ ಕಂಬಿ ಹಿಡಿದು ನಿಂತೇ ನೋಟ್ಸು ಓದುತ್ತಿದ್ದೆ. ಆಮೇಲೆ ಕೆ.ಆರ್. ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ದುಡಿದೆ. ಅಲ್ಲಿ ನಾನು ಫಿಸಿಕ್ಸ್ ಟೀಚರೂ ಹೌದು, ಗಣಿತದವಳೂ ಹೌದು, ಬಸ್ಸಿನಲ್ಲಿ ಮಕ್ಕಳನ್ನು ಲೆಕ್ಕ ಹಾಕಿ ಇಳಿಸುವವಳೂ ಹೌದು. ಹಾಗಿದ್ದವಳು ಒಬ್ಬಳೇ ವಿಮಾನ ಹತ್ತಿ, ದೋಣಿ ಹತ್ತಿ, ಆ ದ್ವೀಪಕ್ಕೆ ಇಳಿದಿದ್ದೆ. ಮೂರು ತಿಂಗಳು ಪರೀಕ್ಷಾ ಅವಧಿ. ಅದು ಮುಗಿಯುವುದಕ್ಕೆ ಇನ್ನು ಎರಡೇ ವಾರ. ತಿಂಗಳ ಕೊನೆಗೆ ಪ್ರಿನ್ಸಿಪಾಲರು ಪತ್ರ ಕೊಡಬೇಕು: ಕಾಯಂ, ಇಲ್ಲವೇ ವಾಪಸ್ಸು.

ಭಾನುವಾರ ಭಾನುವಾರ ಸಂಜೆ ಅಪ್ಪ ಫೋನು ಮಾಡುತ್ತಿದ್ದರು. ಆ ಕರೆಂಟು ಹೋಗುವ ಹಿಂದಿನ ದಿನವೂ ಮಾಡಿದ್ದರು.

"ಕಾಯಂ ಆಯ್ತೇನಮ್ಮಿ?"

"ಇನ್ನೂ ಇಲ್ಲ ಅಪ್ಪ. ತಿಂಗ್ಳು ಕೊನೇಗೆ."

"ಡೈರಿ ಸೆಕ್ರೆಟ್ರಿ ದಿನಾ ಕೇಳ್ತಾವ್ನೆ. ಆಗೋಯ್ತು ಕಣ ಬುಡು ಅಂದ್ಬುಟ್ಟಿವ್ನಿ."

"ಯಾಕಪ್ಪ ಅಂಗಂದೆ? ಆಗ್ದೇ ಓದ್ರೆ?"

"ಆಗ್ದೆ ಏನಾದದು ಬುಡಮ್ಮಿ. ನೀ ಏನ್ ಕಮ್ಮಿ ಓದಿದ್ದೀಯಾ?"

ಹಿಂದಿನಿಂದ ಅವ್ವ, "ಉಣ್ತಾವ್ಳಾ ಕೇಳಿ ಮೊದ್ಲು," ಅನ್ನುತ್ತಿದ್ದಳು. ಅಪ್ಪ ಅದನ್ನು ಕೇಳುತ್ತಿರಲಿಲ್ಲ. ಕಾಯಂ ಆದವಳು ಉಣ್ಣದೆ ಇರುತ್ತಾಳೆಯೇ ಅನ್ನುವುದು ಅವರ ಲೆಕ್ಕ.

ಸೋಮವಾರ ಮಧ್ಯಾಹ್ನಕ್ಕೆ ಶಾಲೆ ಬಿಟ್ಟರು. ದೊಡ್ಡ ಎಂಜಿನ್ನು ಕೆಟ್ಟಿದೆ, ಹಳೆಯದೊಂದನ್ನು ರಿಪೇರಿ ಮಾಡಿ ಹಚ್ಚುತ್ತಾರೆ, ನಾಳೆಯೋ ನಾಡಿದ್ದೋ ಅಂತ ಸ್ಟಾಫ್‌ರೂಮಿನಲ್ಲಿ ಕೇಳಿಸಿತು. ನನಗೆ ಕರೆಂಟಿಲ್ಲದೆ ಇರುವುದು ಗೊತ್ತಿಲ್ಲದ ವಿದ್ಯೆಯಲ್ಲ. ಮಳೆನೀರಿನ ತೊಟ್ಟಿಯಿಂದ ಎರಡು ಬಕೆಟ್ ತಂದಿಟ್ಟುಕೊಂಡೆ. ಟವೆಲು ನೆನೆಸಿ ಕುತ್ತಿಗೆಗೆ ಹಾಕಿಕೊಂಡೆ. ಗ್ಯಾಸ್ ಸ್ಟವ್ ಇತ್ತು. ಅನ್ನ, ಹುರುಳಿಕಾಳು ಸಾರು. ಊರಿಂದ ತಂದ ರಾಗಿಹಿಟ್ಟು ಮುಗ್ಗಲು ಹಿಡಿದಿತ್ತು. ಜರಡಿ ಹಿಡಿದು ಬಿಸಿಲಿಗೆ ಹರವಿದೆ. ಫೋನಿನಲ್ಲಿ ಉಳಿದ ಚಾರ್ಜನ್ನು ಕಾಪಾಡಲು ಅದನ್ನು ಆರಿಸಿ ಮಡಗಿದೆ.

ಸಂಜೆಯ ಹೊತ್ತಿಗೆ ಊರಿನವರೆಲ್ಲ ಬೀದಿಗೆ ಬಂದರು. ಅಲ್ಲಿ ಮನೆಯ ಮುಂದೆ ಬಲೆ ಹೆಣೆದ ಕುರ್ಚಿಗಳಿರುತ್ತವೆ. ಅದರಲ್ಲಿ ಜೋತುಬಿದ್ದು ಕೂತು ಮಾತಾಡುತ್ತಾರೆ. ಫ್ರೀಜರಿನ ಮೀನು ಕೆಡುತ್ತದೆ ಅಂತ ಎಲ್ಲ ಮನೆಯವರೂ ಬೀದಿಯಲ್ಲೇ ಕೆಂಡ ಹಾಕಿ ಸುಡುತ್ತಿದ್ದರು. ನಗು, ಕೂಗಾಟ, ಹೊಗೆ. ನಮ್ಮೂರಿನಲ್ಲೂ ಕರೆಂಟು ಹೋದರೆ ಹೀಗೆಯೇ, ಹೆಂಗಸರೆಲ್ಲ ಜಗಲಿಗೆ ಬಂದು ಇಡೀ ಊರಿನ ಸುದ್ದಿ ಬಿಚ್ಚುತ್ತಾರೆ. ನಾನೂ ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತೆ. ಎದುರುಮನೆಯ ಹೆಂಗಸು ನನ್ನ ಕಡೆ ನೋಡಿ ತಲೆ ಆಡಿಸಿದಳು. ನಾನೂ ಆಡಿಸಿದೆ. ಅಷ್ಟೇ. ಅವರ ಮಾತಿನಲ್ಲಿ ನನಗೆ ಗೊತ್ತಿದ್ದದ್ದು ಮೀನು, ನೀರು, ಬಾ, ಹೋಗು. ಅಷ್ಟರಲ್ಲಿ ಯಾರ ಜೊತೆ ಏನು ಕಷ್ಟಸುಖ ಮಾತಾಡುವುದು? ಕರೆಂಟಿದ್ದಾಗ ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಒಂಟಿಯಾಗಿರುವುದು ಬೇರೆ. ಇಡೀ ಊರು ಬೀದಿಯಲ್ಲಿರುವಾಗ ಒಂಟಿಯಾಗಿರುವುದು ಬೇರೆ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋದೆ.

ಮಂಗಳವಾರ ಬೆಳಿಗ್ಗೆ ಶಾಲೆಯ ಗೇಟಿಗೆ ಒಂದು ಕಾಗದ ಅಂಟಿಸಿದ್ದರು. ಅವರ ಲಿಪಿ, ಬಲದಿಂದ ಎಡಕ್ಕೆ, ನನಗೆ ಬಾರದ್ದು. ಕೆಳಗೆ ಎರಡು ಗೆರೆ ಎಳೆದಿದ್ದರು. ಮುಖ್ಯವಾದದ್ದೇ ಇರಬೇಕು. ಪಕ್ಕದಲ್ಲೇ ಇಬ್ಬರು ಟೀಚರುಗಳು ನಿಂತಿದ್ದರು. ಕೇಳಿದ್ದರೆ ಒಂದು ನಿಮಿಷದ ಕೆಲಸ. ಕೇಳಲಿಲ್ಲ. ಬಂದ ಹೊಸತರಲ್ಲಿ ಹಾಗೆ ಒಂದೆರಡು ಸಲ ಕೇಳಿದ್ದೆ; ನನ್ನ ಉಚ್ಚಾರಣೆಯನ್ನು ಅವರು ಆಮೇಲೆ ಆಡಿ ನಕ್ಕದ್ದು ನನ್ನ ಕಿವಿಗೆ ಬಿದ್ದಿತ್ತು. ಎಂ.ಎಸ್ಸಿ. ಮಾಡಿದವಳು ಗೇಟಿನಲ್ಲಿ ನಿಂತು ಓದಿ ಹೇಳಿ ಅಂತ ಅಂಗಲಾಚಬೇಕೇ ಅನ್ನಿಸಿತು. ಒಳಗೆ ಹೋಗಿಬಿಟ್ಟೆ.

ಈಗ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಕರೆಂಟು ಹೋದಾಗ ಬೇರೆಯವರು ಸ್ವಿಚ್ಚು ಆರಿಸುತ್ತಾರೆ. ನಾವು ಹಾಕುತ್ತೇವೆ. ಹೊಲದ ಮೋಟರಿಗೆ ತ್ರೀ ಫೇಸು ಕರೆಂಟು ಬರುವುದು ದಿನಕ್ಕೆ ಕೆಲವು ಗಂಟೆ. ಯಾವಾಗ ಬರುತ್ತದೆ ಅಂತ ನೆಚ್ಚುವಂತಿಲ್ಲ. ಅದಕ್ಕೆ ಪಂಪ್‌ಹೌಸಿನ ಬಲ್ಬಿನ ಸ್ವಿಚ್ಚು ಹಾಕಿಯೇ ಬಿಟ್ಟಿರುತ್ತೇವೆ. ಜಗಲಿಯಿಂದ ನೋಡಿದರೆ ದೂರದಲ್ಲಿ ಆ ಬಲ್ಬು ಹತ್ತಿಕೊಳ್ಳುವುದು ಕಾಣುತ್ತದೆ. ಚಿಕ್ಕವಳಿದ್ದಾಗ ಅದನ್ನು ಕಾಯುವುದೇ ನನ್ನ ಕೆಲಸ. ಪುಸ್ತಕ ತೊಡೆಯ ಮೇಲೆ, ಒಂದು ಕಣ್ಣು ಹೊಲದ ಕಡೆ. "ಅಪ್ಪಾ, ಬಂತು!" ಅಂದರೆ ಅಪ್ಪ ಎದ್ದು ಓಡುತ್ತಿದ್ದರು. ಎಲ್ಲಿಗೆ ಹೊರಟರೂ ಅವರದು ಒಂದೇ ಮಾತು: "ಲೈಟಾಕ್ಬುಟ್ಟು ಬಾಮ್ಮಿ, ಬಂದ್ರೆ ಗೊತ್ತಾಗ್ಲಿ."

ನನ್ನ ರೂಮಿನ ಕಿಟಕಿಯಿಂದ ಶಾಲೆಯ ದೊಡ್ಡ ಹಾಲ್ ಕಾಣುತ್ತಿತ್ತು. ಸಂಜೆ ಹೆಚ್ಚುವರಿ ಪಾಠ ಮಾಡುತ್ತಿದ್ದದ್ದರಿಂದ ಅದರ ಒಂದು ಬೀಗದ ಕೈ ನನ್ನ ಹತ್ತಿರ ಇತ್ತು. ರೂಮಿನಲ್ಲೂ ಬಲ್ಬಿತ್ತು, ಆದರೆ ನನಗೆ ಅಭ್ಯಾಸವಾದದ್ದು ದೂರದ ಬೆಳಕು ಕಾಯುವುದು. ಮಂಗಳವಾರ ಹೊತ್ತು ಇಳಿಯುವಾಗ ಹೋಗಿ ಬಾಗಿಲು ತೆಗೆದೆ. ಒಂದು ಬಲ್ಬು ಸಾಕಿತ್ತು. ಆದರೆ ಯಾವ ಸ್ವಿಚ್ಚು ಯಾವುದಕ್ಕೆ ಅಂತ ಬರೆದದ್ದೂ ಅವರ ಲಿಪಿಯಲ್ಲೇ. ಕರೆಂಟಿಲ್ಲದಾಗ ಒತ್ತಿ ನೋಡಿ ತಿಳಿಯುವುದೂ ಆಗದು. ಎಲ್ಲವನ್ನೂ ಹಾಕಿದೆ. ಗೋಡೆಯ ಪೆಟ್ಟಿಗೆ ತೆಗೆದರೆ ಬ್ರೇಕರುಗಳೆಲ್ಲ ಕೆಳಗೆ ಬಿದ್ದಿದ್ದವು. ಟ್ರಿಪ್ಪಾಗಿ ತಾವೇ ಬಿದ್ದಿವೆ ಅಂದುಕೊಂಡು ಒಂದೊಂದನ್ನೇ ಮೇಲೆತ್ತಿದೆ. ಹಾಲಿನ ಎಸಿಗಳು, ಪಕ್ಕದ ಕಂಪ್ಯೂಟರ್ ರೂಮಿನ ಎಸಿಗಳು, ಎಲ್ಲಕ್ಕೂ ಅದೇ ಪೆಟ್ಟಿಗೆ. ಫಿಸಿಕ್ಸ್ ಕಲಿಸುವ ಕೈಯಿಂದಲೇ ಎತ್ತಿದೆ.

ಬಂದು ಕಿಟಕಿಯ ಹತ್ತಿರ ಕೂತೆ. ಕರೆಂಟು ಬಂದರೆ ಫೋನಿಗೆ ಚಾರ್ಜು ಹಾಕಬೇಕು, ಅವ್ವನ ಜೊತೆ ಮಾತಾಡಬೇಕು, ಈ ಸಲ ಫೋನು ಅಪ್ಪನಿಗೆ ಕೊಡಬೇಡ ಅನ್ನಬೇಕು. ಇಷ್ಟೇ ನನ್ನ ಯೋಜನೆ.

ಮಸೀದಿಯ ಸಂಜೆಯ ಪ್ರಾರ್ಥನೆ ಮುಗಿದ ಸ್ವಲ್ಪ ಹೊತ್ತಿಗೆ ಎಂಜಿನ್ನು ಕೆಮ್ಮಿತು, ಗುಂಯ್ ಅಂದಿತು. ಹಾಲಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. "ಬಂತು!" ಅಂತ ನಾನು ಕನ್ನಡದಲ್ಲಿ ಕೂಗಿದೆ. ಬೀದಿಯಲ್ಲಿ ಎಲ್ಲರೂ ಹೋ ಅಂದರು. ಫೋನಿಗೆ ವೈರು ಸಿಕ್ಕಿಸಿದೆ. ಪರದೆ ಬೆಳಗುವುದರೊಳಗೆ ಪವರ್‌ಹೌಸಿನ ಕಡೆಯಿಂದ ಢಬ್ ಅಂತ ಸದ್ದು. ಎಲ್ಲ ಕತ್ತಲು. ಸುಟ್ಟ ವಾಸನೆ ಬಂದದ್ದು ನಿಜವೋ ನನ್ನ ಭ್ರಮೆಯೋ ಈಗ ಹೇಳಲಾರೆ.

ಬುಧವಾರ ಬೆಳಿಗ್ಗೆ ಸ್ಟಾಫ್‌ರೂಮಿಗೆ ಹೋದರೆ ಎಲ್ಲರೂ ನಿಂತಿದ್ದರು. ನಡುವೆ ನಮ್ಮ ಶಾಲೆಯ ಕಾವಲಿನವನು. ಬಾಂಗ್ಲಾದೇಶದವನು, ನಲವತ್ತು ದಾಟಿದವನು. ಗುಡಿಸುವುದು, ಬಾಗಿಲು ಹಾಕುವುದು, ತೆಗೆಯುವುದು ಅವನ ಕೆಲಸ. ನನ್ನ ಹರುಕು ಹಿಂದಿಗೂ ಅವನ ಹರುಕು ಹಿಂದಿಗೂ ಹೇಗೋ ಹೊಂದುತ್ತಿತ್ತು. ಬೆಳಿಗ್ಗೆ ನನಗೆ "ನಮಸ್ತೆ ಮ್ಯಾಡಮ್, ಊಟ ಆಯ್ತಾ?" ಅನ್ನುತ್ತಿದ್ದ. ಆ ದ್ವೀಪದಲ್ಲಿ ಊಟ ಆಯ್ತಾ ಅಂತ ಕೇಳುತ್ತಿದ್ದವನು ಅವನೊಬ್ಬನೇ.

ಪ್ರಿನ್ಸಿಪಾಲರು, ನನಗಿಂತ ಹತ್ತು ವರ್ಷ ದೊಡ್ಡವರಾದ ಹೆಂಗಸು, ಅವನನ್ನು ಕೇಳುತ್ತಿದ್ದರು. ಪಕ್ಕದಲ್ಲಿ ಪವರ್‌ಹೌಸಿನವನು ಕೈ ಕಟ್ಟಿ ನಿಂತಿದ್ದ. ನನಗಾಗಿ ಅಲ್ಲ, ಕಾವಲಿನವನಿಗಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಹಾಗಾಗಿ ನನಗೂ ಎಲ್ಲ ತಿಳಿಯಿತು. ಹಳೆಯ ಎಂಜಿನ್ನಿಗೆ ಶಕ್ತಿ ಕಮ್ಮಿ. ಮೊದಲು ಮನೆಗಳಿಗೆ ಒಂದೊಂದು ದೀಪ, ಒಂದು ಫ್ಯಾನು ಮಾತ್ರ. ಶಾಲೆಯದು ಊರಿಗೇ ದೊಡ್ಡ ಲೋಡು. ಅದರ ಬ್ರೇಕರು ಪೂರ್ತಿ ಇಳಿಸಿರಬೇಕು. ಗೇಟಿನ ಕಾಗದದಲ್ಲಿ ಇದ್ದದ್ದು ಅದೇ. ಎಂಜಿನ್ನು ಹಚ್ಚಿದ ಕೂಡಲೇ ಶಾಲೆಯ ಎಸಿಗಳೆಲ್ಲ ಒಟ್ಟಿಗೆ ಎಳೆದವು, ಒಳಗೆ ಏನೋ ಸುಟ್ಟಿತು. ಸಾಮಾನು ಗುರುವಾರದ ದೋಣಿಯಲ್ಲಿ ಬರಬೇಕು. ಅಲ್ಲಿವರೆಗೂ ಊರಿಗೆ ಕತ್ತಲು.

"ನಾನು ನಿನ್ನೆ ಮಧ್ಯಾಹ್ನವೇ ಇಳಿಸಿದೆ," ಅಂದ ಕಾವಲಿನವನು.

"ಇಳಿಸಿದ್ದರೆ ತಾವೇ ಮೇಲೆ ಹೋದವಾ?"

"ಇಳಿಸಿದೆ, ದೇವರಾಣೆ."

"ಕಾಗದ ಓದಿ ಹೇಳಿದ್ದೆ ನಿನಗೆ. ಈಗ ಸುಳ್ಳು ಬೇರೆ. ದ್ವೀಪದ ಕೌನ್ಸಿಲ್ಲಿನವರು ನಿನ್ನ ಕೆಲಸದ ಪರ್ಮಿಟ್ಟಿನ ಬಗ್ಗೆ ಕೇಳ್ತಿದ್ದಾರೆ. ನಾನೇನು ಹೇಳಲಿ?"

ಪರ್ಮಿಟ್ಟು ಅಂದಾಗ ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನ ಮುಖವನ್ನೂ. ನನ್ನ ಚೀಲದಲ್ಲಿ ಬೀಗದ ಕೈ ಇತ್ತು. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.

ಹೋದೆ ಅಂತ ಬರೆಯುವುದು ಸುಲಭ. ಕಾಲುಗಳು ತಾವಾಗಿ ಹೋದವು ಅನ್ನುವಂತಿಲ್ಲ, ನಾನೇ ಹೋದೆ. ಎರಡು ವಾರದಲ್ಲಿ ಕಾಯಂ ಪತ್ರ. ಬಾಯಿಬಿಟ್ಟರೆ ಅದಿಲ್ಲ. ಯಾರೂ ನನ್ನನ್ನು ನೋಡಿಲ್ಲ. ಮೂರು ಪೀರಿಯಡ್ಡು ಪಾಠ ಮಾಡಿದೆ. ಬೆವರು ಕಣ್ಣಿಗಿಳಿದು ಬೋರ್ಡೇ ಕಾಣುತ್ತಿರಲಿಲ್ಲ.

ಇಂಥದ್ದು ನಮ್ಮೂರಿನಲ್ಲೂ ನಡೆದಿತ್ತು. ನಾನಾಗ ಎಸ್ಸೆಸ್ಸೆಲ್ಸಿ. ಮೋಟರಿಗೆ ಹೊಸದಾಗಿ ಬಂದಿದ್ದ ಸ್ಟಾರ್ಟರನ್ನು ಆಟೋದಲ್ಲಿ ಇಡಬಾರದು ಅಂತ ಲೈನ್‌ಮನ್ ಮನೆಮನೆಗೂ ಬಂದು ಹೇಳಿದ್ದ. ಇಟ್ಟರೆ ತ್ರೀ ಫೇಸು ಬಂದ ಕೂಡಲೇ ಎಲ್ಲರ ಮೋಟರೂ ಒಟ್ಟಿಗೆ ಎದ್ದು ಟಿ.ಸಿ. ಸುಡುತ್ತದೆ. ಟಿ.ಸಿ. ಅಂದರೆ ನಮ್ಮ ಕಡೆ ಟ್ರಾನ್ಸ್‌ಫಾರ್ಮರು. ಎಲ್ಲರೂ ಆಯ್ತು ಆಯ್ತು ಅಂದರು, ಎಲ್ಲರೂ ಆಟೋದಲ್ಲೇ ಇಟ್ಟರು. ಅಪ್ಪನೂ. ಒಂದು ರಾತ್ರಿ ಅದು ಢಬ್ ಅಂತು. ಬೆಳಗಾದ ಮೇಲೆ ಊರಿನ ಗಂಡಸರೆಲ್ಲ ಕಂಬದ ಕೆಳಗೆ ಸೇರಿ ಲೈನ್‌ಮನ್ನನ್ನು ಮುತ್ತಿಕೊಂಡರು.

"ಏನ್ಲಾ ಮಾಡ್ದೆ ನಮ್ ಟಿ.ಸಿ.ಯ?"

"ನಾನೇನ್ ಮಾಡ್ದೆ ಗೌಡ್ರೆ, ಆಟೋ ಮಡಗ್ಬ್ಯಾಡಿ ಅಂತ ಬಡ್ಕಂಡೆ."

"ಯಾವನ್ಲಾ ಮಡಗಿರೋನು? ತೋರ್ಸ್ಲಾ!"

ಅಲ್ಲಿ ಜೋರಾಗಿ ಕೂಗಿದ್ದು ನಮ್ಮಪ್ಪ. ಬೆಳಗಾಗುವ ಮುಂಚೆ ಸ್ಟಾರ್ಟರಿನ ಗುಂಡಿಯನ್ನು ಆಟೋದಿಂದ ತಿರುಗಿಸಿಬಿಟ್ಟು ಬಂದದ್ದೂ ನಮ್ಮಪ್ಪನೇ. ನಾನೇ ಟಾರ್ಚು ಹಿಡಿದಿದ್ದೆ. ಅಲ್ಲಿ ನಿಂತಿದ್ದ ಒಬ್ಬನೂ ಒಪ್ಪಿಕೊಳ್ಳಲಿಲ್ಲ. ನಮ್ಮಲ್ಲಿ ಅದು ಪದ್ಧತಿಯೇ: ಟಿ.ಸಿ. ಸುಟ್ಟರೆ ಲೈನ್‌ಮನ್ನಿಗೆ ಬೈಯುವುದು. ಆ ಲೈನ್‌ಮನ್ ಮುಂದೆ ವರ್ಗವಾಗಿ ಎಲ್ಲಿಗೋ ಹೋದ. ಅವನಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ನಾವು ವಿಚಾರಿಸಲೂ ಇಲ್ಲ.

ಮಧ್ಯಾಹ್ನದ ಬೆಲ್ಲು ಹೊಡೆದಾಗ ಕಾವಲಿನವನು ಅಂಗಳದ ಮರದ ಕೆಳಗೆ ಪೊರಕೆ ಪಕ್ಕಕ್ಕಿಟ್ಟು ಕೂತಿದ್ದ. ಗುಡಿಸು ಅಂತ ಯಾವತ್ತೂ ಹೇಳಿಸಿಕೊಳ್ಳದವನು ಸುಮ್ಮನೆ ಕೂತಿದ್ದ. ನಾನು ಪ್ರಿನ್ಸಿಪಾಲರ ರೂಮಿಗೆ ಹೋಗಿ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟೆ.

"ಬ್ರೇಕರು ಎತ್ತಿದ್ದು ನಾನು," ಅಂದೆ.

ಅವರು ಬೀಗದ ಕೈಯನ್ನು ನೋಡಿದರು, ನನ್ನನ್ನು ನೋಡಿದರು. "ಯಾಕೆ?"

"ಕರೆಂಟು ಬಂದರೆ ಗೊತ್ತಾಗಲಿ ಅಂತ."

"ಬಂದರೆ ಗೊತ್ತಾಗೋದಿಲ್ವಾ? ಊರೆಲ್ಲ ಕೂಗಲ್ವಾ?"

ಊರು ಕೂಗುತ್ತದೆ, ನಿಜ. ಆ ಕೂಗಿನಲ್ಲಿ ನಾನಿದ್ದೇನೆ ಅಂತ ನನಗೆ ಅನ್ನಿಸಿರಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ಕನ್ನಡದಲ್ಲಾದರೂ ಹೇಳುತ್ತಿದ್ದೆನೋ ಇಲ್ಲವೋ.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಭಯ ಆಯ್ತು."

ಅವರು ಕೌನ್ಸಿಲ್ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕೈದು ಗಂಡಸರ ಮುಂದೆ ಇನ್ನೊಂದು ಸಲ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪವರ್‌ಹೌಸಿನವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದ:

"ಟೀಚರ್, ನೀವು ಯಾವ ಸಬ್ಜೆಕ್ಟು?"

"ಫಿಸಿಕ್ಸು."

ಎಲ್ಲರೂ ನಕ್ಕರು. ಪ್ರಿನ್ಸಿಪಾಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಮೂರು ತಿಂಗಳಲ್ಲಿ ಆ ಊರು ನನ್ನ ಎದುರಿಗೇ ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು.

ವಾಪಸ್ಸು ಬಂದು ಮರದ ಹತ್ತಿರ ಹೋದೆ. ಅವನು ಎದ್ದು ಗುಡಿಸುತ್ತಿದ್ದ. ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ತಪ್ಪು ನನ್ನದು, ಹೇಳಿ ಬಂದೆ. ನಿಮಗೇನೂ ಆಗಲ್ಲ," ಅಂದೆ ಹಿಂದಿಯಲ್ಲಿ.

ಅವನು ಪೊರಕೆ ನಿಲ್ಲಿಸಲಿಲ್ಲ. "ಬೆಳಿಗ್ಗೆ ನನ್ನನ್ನು ಎಲ್ಲರ ಮುಂದೆ ಕೇಳಿದಾಗ ನೀವು ಅಲ್ಲೇ ಇದ್ರಿ, ಮ್ಯಾಡಮ್."

"ಇದ್ದೆ."

"ನಾನು ದೇವರ ಮೇಲೆ ಆಣೆ ಇಟ್ಟೆ. ನೀವು ಕೇಳಿಸ್ಕೊಂಡ್ರಿ."

"ಹೌದು."

ಎಲೆಗಳನ್ನು ಗುಡ್ಡೆ ಮಾಡಿ ಅವನು ಆ ಕಡೆ ತಿರುಗಿದ. ಮಾರನೇ ದಿನದಿಂದ ಊಟ ಆಯ್ತಾ ಅನ್ನುವುದು ನಿಂತಿತು. ಎದುರು ಸಿಕ್ಕರೆ ದಾರಿ ಬಿಡುತ್ತಿದ್ದ. ನಾನು ನಮಸ್ತೆ ಅಂದರೆ ನಮಸ್ತೆ ಅನ್ನುತ್ತಿದ್ದ. ಅದರಲ್ಲಿ ದೂರುವಂಥದ್ದು ಏನೂ ಇರಲಿಲ್ಲ.

ಗುರುವಾರ ಸಾಮಾನು ಬಂತು, ಸಂಜೆಗೆ ಕರೆಂಟೂ ಬಂತು. ಊರು ಹೋ ಅಂದಾಗ ನಾನು ರೂಮಿನಲ್ಲಿ ಎಲ್ಲ ಸ್ವಿಚ್ಚು ಆರಿಸಿ ಕೂತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಒಂದು ಹಾಕಿದೆ.

ತಿಂಗಳ ಕೊನೆಗೆ ಪ್ರಿನ್ಸಿಪಾಲರು ಪತ್ರ ಕೊಟ್ಟರು. ವಾಪಸ್ಸು ಅಂತಲೂ ಇರಲಿಲ್ಲ, ಕಾಯಂ ಅಂತಲೂ ಇರಲಿಲ್ಲ. ಪರೀಕ್ಷಾ ಅವಧಿ ಇನ್ನೂ ಮೂರು ತಿಂಗಳು. "ಪಾಠ ಚೆನ್ನಾಗಿ ಮಾಡ್ತೀರಿ. ಕೇಳೋದು ಕಲೀರಿ," ಅಂದರು. ಸಹಿ ಹಾಕಿ ಒಂದು ಪ್ರತಿ ತೆಗೆದುಕೊಂಡೆ.

ಭಾನುವಾರ ಅಪ್ಪ ಫೋನು ಮಾಡಿದರು.

"ಆಯ್ತೇನಮ್ಮಿ?"

"ಇಲ್ಲ ಅಪ್ಪ. ಇನ್ನ ಮೂರು ತಿಂಗ್ಳು ನೋಡ್ತಾರಂತೆ."

"ಯಾಕೆ? ಏನಾಯ್ತು?"

ಎಲ್ಲವನ್ನೂ ಹೇಳಿದೆ. ಸ್ವಿಚ್ಚು ಹಾಕಿದ್ದು, ಎಂಜಿನ್ನು ಸುಟ್ಟದ್ದು, ಕಾವಲಿನವನ ಮೇಲೆ ಬಂದದ್ದು, ನಾನು ಒಪ್ಪಿಕೊಂಡದ್ದು. ಆ ಕಡೆ ಡೈರಿಯ ಕ್ಯಾನುಗಳ ಸದ್ದು ಕೇಳಿಸುತ್ತಿತ್ತು. ಡೈರಿಯ ಮುಂದೆ ನಿಂತೇ ಮಾತಾಡುತ್ತಿದ್ದರು ಅಂತ ಕಾಣುತ್ತದೆ.

"ನೀನಾಕಿದ್ದ ಯಾರಾರ ನೋಡಿದ್ರಾ?"

"ಇಲ್ಲ."

"ಯಾರೂ ನೋಡ್ನಿಲ್ವಾ?"

"ಇಲ್ಲ ಅಪ್ಪ."

"ಮತ್ಯಾಕಮ್ಮಿ ಒಪ್ಕಳಾಕ್ ಓದೆ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುತ್ತಿದ್ದರು. ಅವರು ಹೊಲ ಉಳುಮೆ ಮಾಡಿ, ಮಳೆಯಲ್ಲಿ ನೆನೆದು, ನನ್ನನ್ನು ಅಷ್ಟು ದೂರ ಓದಿಸಿದವರು. ಆ ದೂರದ ಈ ತುದಿಯಲ್ಲಿ ನಾನು ನಿಂತಿದ್ದೆ. ಲೈನ್‌ಮನ್ನಿನ ಮಾತು ನಾಲಿಗೆಯ ತುದಿಗೆ ಬಂತು. ಅವರ ಸುತ್ತ ಜನ ಇದ್ದರು.

"ಚಾರ್ಜಿಲ್ಲ ಅಪ್ಪ, ಮಡಗ್ತೀನಿ," ಅಂದೆ.

ಫೋನಿನ ತುಂಬ ಚಾರ್ಜು ಇತ್ತು.